ಮೂರು ತಾಣ, ಒಂದೇ ಸೂರು

ಉರ್ವೆ ಯಾವುದನ್ನೂ ಹೋಲಿಸಿ ನೋಡದೆ ಕೊಂಡವಳಲ್ಲ. ವಿಲ್ಯಾಂದಿ ಪಟ್ಟಣದ ಡೇರಿಯಲ್ಲಿ ಆಯುಷ್ಯವೆಲ್ಲ ಹಾಲಿನ ಜಿಡ್ಡು ಅಳೆದ ಕೈ ಅವಳದು. ನಿವೃತ್ತಿಯಾದ ಮೇಲೂ ಅಳೆಯುವುದಕ್ಕೆ ಏನಾದರೂ ಬೇಕಿತ್ತು. ಮೊದಲು ಊರಿನ ಅಂಗಡಿಗಳ ಚೀಸ್ ಹಿಡಿದಳು, ಆಮೇಲೆ ಕರೆಂಟ್ ಕಂಪನಿಗಳ ದರ ಹಿಡಿದಳು, ಅವೆರಡೂ ಮುಗಿದ ಮೇಲೆ ಕೂಡುಹಣದ ಜಾಲತಾಣಗಳಿಗೆ ಗಂಟುಬಿದ್ದಳು. ಯಾರೋ ಒಬ್ಬ ಮನೆಗಳನ್ನು ಕಟ್ಟುತ್ತಾನೆ, ಬ್ಯಾಂಕಿನ ಸಾಲ ಸಾಲದು. ಆಗ ಊರೂರಿನ ಮಂದಿ ತಾಣದಲ್ಲಿ ತಮ್ಮ ಕೈಲಾದಷ್ಟು ಹಾಕಿ ಅವನಿಗೆ ಸಾಲ ಕೊಡುತ್ತಾರೆ. ಕಟ್ಟಿ ಮಾರಿದ ಮೇಲೆ ಅಸಲೂ ಬಡ್ಡಿಯೂ ವಾಪಸು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರಲ್ಲ, ಇದು ಅದೇ ಲೆಕ್ಕ.

ಇಂಥ ತಾಣಗಳು ನಮ್ಮಲ್ಲಿ ಅಣಬೆ ಎದ್ದ ಹಾಗೆ ಎದ್ದಿದ್ದವು. ಯಾವುದು ತಿನ್ನುವ ಅಣಬೆ, ಯಾವುದು ವಿಷದ್ದು ಎಂದು ಉರ್ವೆ ಹೋಲಿಸಿ ಬರೆಯುತ್ತಿದ್ದಳು. ಹಣ ಹೂಡುವವರು ಸೇರುವ ಹರಟೆಪುಟವೊಂದಿತ್ತು. ಅಲ್ಲಿ ಅವಳ ಹೆಸರು 'ಕೆನೆ'. ಕೆನೆಯ ಹೋಲಿಕೆ ಬಂತೆಂದರೆ ಜನ ಕಾದು ಕೂತು ಓದುತ್ತಿದ್ದರು. 'ಖಾರಮೂಲಂಗಿ' ಎಂಬ ಹೆಸರಿನವನೊಬ್ಬ ಮಾತ್ರ ಪ್ರತಿ ಸಲವೂ ಕೆಳಗೆ ಒಂದು ಸಾಲು ಗೀಚುತ್ತಿದ್ದ: "ಹೋಗಿ ನೋಡಿದ್ದೀಯಾ?" ತಾಲಿನ್‌ನ ಯಾವನೋ ಸಿಡುಕು ಮುದುಕ ಇರಬೇಕು ಎಂದು ಉರ್ವೆ ಅವನನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಹೋಗಿ ನೋಡುವುದು! ನಮ್ಮ ಜನ ಮತ ಹಾಕುವುದೂ ಸೋಫಾದಲ್ಲಿ ಕೂತು, ಕಂಪನಿ ತೆರೆಯುವುದೂ ಸೋಫಾದಲ್ಲಿ ಕೂತು. ಕಂಪ್ಯೂಟರಿಗೆ ಗುರುತಿನ ಕಾರ್ಡ್ ತುರುಕಿ ಗುಟ್ಟಿನ ಅಂಕಿ ಒತ್ತಿದರೆ ಸಹಿಯಾಯಿತು, ಸಹಿಯಾದದ್ದೆಲ್ಲ ಸತ್ಯವಾಯಿತು. ಇಷ್ಟು ಅನುಕೂಲ ಇರುವಾಗ ಬಸ್ಸು ಹತ್ತುವ ದಡ್ಡರು ಯಾರು?

ಶನಿವಾರ ಸಂಜೆ ಉರ್ವೆಯ ಹಿತ್ತಲಿನ ಸೌನಾಕ್ಕೆ, ಅಂದರೆ ಹಬೆಸ್ನಾನದ ಮನೆಗೆ, ಲೈನೆ ಬರುತ್ತಿದ್ದಳು. ಲೈನೆ ಕ್ಷೌರದಂಗಡಿಯವಳು. ನಿಂತು ನಿಂತು ಮಂಡಿ ಸವೆಸಿಕೊಂಡಿದ್ದಳು. ಅವಳ ಮನೆ ಐದನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಹಳೇ ಕಾಂಕ್ರೀಟು ಕಟ್ಟಡದಲ್ಲಿ. ವಾರದ ಕಸವನ್ನು ಒಂದೇ ಚೀಲದಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟಿರುತ್ತಿದ್ದಳು. ಬಂದವರು ಹೋಗುವಾಗ ಕೆಳಗೆ ಒಯ್ದು ಹಾಕಬೇಕು. ಬರುವವಳು ಹೆಚ್ಚಾಗಿ ಉರ್ವೆಯೇ ಆದ್ದರಿಂದ ಆ ಚೀಲ ಅವಳ ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಅದೇ ಕಟ್ಟಡದ ತೀರಾ ಕೆಳಗಿನ ಮನೆ ಹಿಲ್ಯಾಳದು. ಅಂಚೆ ಹಂಚಿ ನಿವೃತ್ತಳಾದ ಒಂಟಿ ಹೆಂಗಸು, ವಯಸ್ಸಿನಲ್ಲಿ ಇವರಿಬ್ಬರಿಗಿಂತ ಹಿರಿಯಳು. ಮುಂದಿನ ಶರತ್ಕಾಲಕ್ಕೆ ಮನೆ ಮಾರಿ ಫಿನ್ಲೆಂಡಿನಲ್ಲಿರುವ ಮಗಳ ಹತ್ತಿರ ಪುಟ್ಟ ಮನೆ ಕೊಳ್ಳುವವಳಿದ್ದಳು. "ನಿಮಗೇ ಕೊಡ್ತೀನಿ, ಅಲ್ಲೀವರೆಗೆ ಬೇರೆ ಯಾರಿಗೂ ಹೇಳಲ್ಲ" ಎಂದು ಲೈನೆಗೆ ಮಾತು ಕೊಟ್ಟಿದ್ದಳು. ಅಂಗಡಿ ಮಾರಿ ಬಂದ ದುಡ್ಡು ಲೈನೆಯ ಹತ್ತಿರ ಇತ್ತು, ಆದರೆ ಕೆಳಮನೆಯ ಬೆಲೆಗೆ ಅಷ್ಟಿಷ್ಟು ಕಡಿಮೆ ಬೀಳುತ್ತಿತ್ತು. ಒಂದು ವರ್ಷದ ಬಡ್ಡಿ ಬಂದರೆ ಸರಿಹೋಗುತ್ತದೆ ಎಂಬ ಲೆಕ್ಕಾಚಾರ ಸೌನಾದ ಹಲಗೆಯ ಮೇಲೆ ನಡೆಯಿತು.

"ಹಸಿರು ತಾಣ ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತೆ, ಕಡಿಮೆ" ಎಂದಳು ಉರ್ವೆ, ಬಿಸಿಗಲ್ಲಿನ ಮೇಲೆ ನೀರು ಎರಚುತ್ತ. "ನೀಲಿ ತಾಣ ಕೊನೇಲಿ ಒಟ್ಟಿಗೆ ಕೊಡುತ್ತೆ, ಜಾಸ್ತಿ. ಎರಡೂ ಮನೆಗಳ ಮೇಲಿನ ಸಾಲ. ಮೂರನೇದು ಲಾಟ್ವಿಯಾದ್ದು. ಅದು ಮನೆ ಮುಟ್ಟಲ್ಲ. ಕಾಡು, ಮರದ ಕಾರ್ಖಾನೆ, ವಿಸ್ಕಿ ಪೀಪಾಯಿ, ಇಂಥವುಗಳಲ್ಲಿ ಪಾಲು."

"ವಿಸ್ಕಿ ಪೀಪಾಯಿನಾ? ಅದನ್ನ ಮೊದಲು ಹೇಳೋದಲ್ವೇನೇ?"

"ಕುಡಿಯೋಕಲ್ಲ ಮಾರಾಯ್ತಿ. ಹತ್ತಾರು ವರ್ಷ ಇಟ್ಟು ಮಾರೋಕೆ."

"ಅಷ್ಟೊತ್ತಿಗೆ ನನ್ನ ಮಂಡಿ ಮ್ಯೂಸಿಯಮ್ಮಲ್ಲಿರುತ್ತೆ. ಬೇಡ. ಮರದ ಕಾರ್ಖಾನೆ ಆಗಲಿ."

"ಮೂರರಲ್ಲೂ ಮೂರು ಪಾಲು ಮಾಡಿ ಹಾಕು. ಒಂದು ಮುಗ್ಗರಿಸಿದ್ರೆ ಇನ್ನೆರಡು ಇರ್ತವೆ. ನಾನೂ ಹಾಗೇ ಹಾಕಿರೋದು."

ಲೈನೆ ಬರ್ಚ್ ಸೊಪ್ಪಿನ ಕಟ್ಟಿನಿಂದ ಮಂಡಿಗೆ ಬಡಿದುಕೊಂಡಳು. "ನಿನ್ನ ಮಾತಿನ ಮೇಲೆ ಹಾಕ್ತಿದೀನಿ ಕಣೆ. ನಂಗೆ ಈ ಪರ್ಸೆಂಟು ಗಿರ್ಸೆಂಟು ಒಂದೂ ತಲೆಗೆ ಹೋಗಲ್ಲ. ನಂಗೆ ಬೇಕಾಗಿರೋದು ಕೆಳಗಿನ ಮನೆ, ಅಷ್ಟೇ."

ಹೊರಗಿನ ಕೋಣೆಯಲ್ಲಿ ಟವೆಲ್ ಸುತ್ತಿಕೊಂಡು, ಒದ್ದೆ ಬೆರಳಲ್ಲೇ ಫೋನು ಒತ್ತಿ ಲೈನೆ ಮೂರು ಸಹಿ ಹಾಕಿದಳು. ಆಮೇಲೆ ಇಬ್ಬರೂ ಹೊಗೆಯಲ್ಲಿಟ್ಟ ಮೀನು ತಿಂದು ಬಿಯರ್ ಕುಡಿದರು. ಉರ್ವೆಗೆ ತಾನೇ ಮನೆ ಕೊಡಿಸಿದಷ್ಟು ಖುಷಿಯಾಗಿತ್ತು.

ಚಳಿಗಾಲ ಕಳೆಯಿತು, ವಸಂತವೂ ಕಳೆಯಿತು, ತಿಂಗಳ ಬಡ್ಡಿ ಬರುತ್ತಲೇ ಇತ್ತು. ಜೂನ್‌ನಲ್ಲಿ ಹಸಿರು ತಾಣ "ಸ್ವಲ್ಪ ತಡವಾಗಲಿದೆ, ಕ್ಷಮಿಸಿ" ಎಂದು ಬರೆಯಿತು. ಒಂದು ಮುಗ್ಗರಿಸಿತು, ಎರಡಿವೆಯಲ್ಲ ಎಂದುಕೊಂಡಳು ಉರ್ವೆ. ಅದೇ ವಾರ ನೀಲಿ ತಾಣ "ಕಟ್ಟಡದ ಕೆಲಸ ತಾತ್ಕಾಲಿಕವಾಗಿ ನಿಂತಿದೆ" ಎಂದಿತು. ಅದರ ಮರುದಿನವೇ ಲಾಟ್ವಿಯಾ ತಾಣ, ಮರದ ಕಾರ್ಖಾನೆಗೆ ಅದರ ದೊಡ್ಡ ಗಿರಾಕಿ ದುಡ್ಡು ಕೊಟ್ಟಿಲ್ಲ ಎಂದು ತಿಳಿಸಿತು. ಬೇರೆ ಬೇರೆ ಮನೆಯ ಮೂವರಿಗೆ ಒಂದೇ ದಿನ ಹೊಟ್ಟೆ ಕೆಟ್ಟರೆ ಅವರು ಒಂದೇ ಕಡೆ ಉಂಡಿರಬೇಕು ಎನ್ನುವುದು ಡೇರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮರುದಿನ ಬೆಳಿಗ್ಗೆ ಅವಳು ಆ ಮನೆಗಳಿದ್ದ ಪ್ಯಾರ್ನು ಪಟ್ಟಣದ ಬಸ್ಸು ಹತ್ತಿದಳು.

ಪಟ್ಟಣದ ಅಂಚಿನಲ್ಲಿ, ಪೈನ್ ಬೀದಿಯೂ ಗಿರಣಿ ಬೀದಿಯೂ ಕೂಡುವ ಮೂಲೆಯಲ್ಲಿ ಒಂದು ದೊಡ್ಡ ನಿವೇಶನವಿತ್ತು. ಪೈನ್ ಬೀದಿಗೆ ಮುಖಮಾಡಿ ಒಂದು ಸಾಲು ಮರದ ಮನೆಗಳು, ಗಿರಣಿ ಬೀದಿಗೆ ಮುಖಮಾಡಿ ಇನ್ನೊಂದು ಸಾಲು. ಎರಡು ಸಾಲುಗಳಿಗೂ ಗೋಡೆ ಎದ್ದಿತ್ತು. ಮೇಲೆ ಬರೀ ತೊಲೆಗಳು, ಹೊದಿಕೆ ಇಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಮೇಸ್ತ್ರಿ, ರೈವೊ ಅಂತ, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಸುರಿದು ಅವಳ ಮುಂದೆ ಹಿಡಿದ.

"ನೀವು ಯಾವ ಬಣ್ಣದೋರು ಅಮ್ಮಾವ್ರೆ? ಹಸಿರೋ, ನೀಲಿಯೋ?"

"ಎರಡೂ."

"ಹಂಗಾದ್ರೆ ಎರಡು ಬೀದೀನೂ ನಿಮ್ದೇ." ಅವನು ನಕ್ಕ, ನಗುವಿನಲ್ಲಿ ಕುಹಕವಿರಲಿಲ್ಲ. "ಕಟ್ಟಿಸ್ತಿದ್ದೋನು ಒಬ್ಬನೇ. ಬೀದಿಗೊಂದು ಕಂಪನಿ ಮಾಡ್ಕೊಂಡಿದ್ದ. ಮುಂದಿನ ಸಾಲು ಹಸಿರು ತಾಣದ್ದು, ಹಿಂದಿನ ಸಾಲು ನೀಲಿದು. ಎರಡರಲ್ಲೂ ದುಡ್ಡು ಮುಗೀತು. ನನಗೂ ಎರಡು ತಿಂಗಳ ಸಂಬಳ ಬರಬೇಕು. ಆದ್ರೂ ಬಿಟ್ಟು ಹೋದ್ರೆ ಕಳ್ಳರು ಕಿಟಕಿ ಕಿತ್ಕೊಂಡು ಹೋಗ್ತಾರೆ ಅಂತ ದಿನಾ ಬಂದು ಹೋಗ್ತೀನಿ."

"ಈ ಗೋಡೆಗಳು ಎಲ್ಲಿಂದ ಬಂದ್ವು?" ಉತ್ತರ ಗೊತ್ತಿದ್ದೇ ಕೇಳಿದಳು ಉರ್ವೆ.

"ಲಾಟ್ವಿಯಾದ ಮರದ ಕಾರ್ಖಾನೆಯಿಂದ. ಅವರಿಗೂ ಬಾಕಿ."

ಮೂರು ಹೊಲದಲ್ಲಿ ಬಿತ್ತಿದ್ದೇನೆ ಎಂದುಕೊಂಡಿದ್ದಳು. ಹೊಲ ಒಂದೇ ಇತ್ತು, ಬದು ಮಾತ್ರ ಮೂರು. ಬಡ್ಡಿ ಹೋಲಿಸಿದ್ದಳು, ಅಡಮಾನ ಹೋಲಿಸಿದ್ದಳು, ತಾಣಗಳ ಶುಲ್ಕ ಹೋಲಿಸಿದ್ದಳು. ವಿಳಾಸ ಎರಡು ಬೇರೆ ಬೀದಿಯದು, ಕಂಪನಿಯ ಹೆಸರು ಬೇರೆ, ಮೂರನೆಯದಂತೂ ದೇಶವೇ ಬೇರೆ. ಆ ಎರಡು ಬೀದಿಗಳು ಒಂದು ಮೂಲೆಯಲ್ಲಿ ಕೂಡುತ್ತವೆ ಎಂಬುದು ಯಾವ ತಾಣದಲ್ಲೂ ಬರೆದಿರಲಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಫೋನಿನಲ್ಲಿ ಇನ್ನೂ ನುಣ್ಣಗೆ. ಬಸ್ಸಿನಲ್ಲಿ ವಾಪಸು ಬರುವಾಗ ಉರ್ವೆಗೆ ತನ್ನ ಹಣದ ನೆನಪು ಒಮ್ಮೆಯೂ ಬರಲಿಲ್ಲ. ಲೈನೆಯ ಮಂಡಿ ನೆನಪಾಗುತ್ತಿತ್ತು.

ಶನಿವಾರ ಸೌನಾದಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಲೈನೆ ಸೌಟಿನಿಂದ ಕಲ್ಲಿನ ಮೇಲೆ ನೀರು ಹಾಕಿದಳು, ಮತ್ತೆ ಹಾಕಿದಳು. ಹಬೆ ಕಿವಿ ಸುಡುವಷ್ಟಾಯಿತು.

"ಇನ್ನೊಂದು ಸೌಟು ಹಾಕಿದ್ರೆ ಇಬ್ಬರೂ ಬೇಯ್ತೀವಿ" ಎಂದಳು ಉರ್ವೆ.

"ಬೇಯಲಿ." ಲೈನೆ ಸೌಟು ಕೆಳಗಿಟ್ಟು ಕೇಳಿದಳು, "ಪೂರ್ತಿ ಹೋಯ್ತಾ?"

"ಪೂರ್ತಿ ಅಲ್ಲ. ಕಟ್ಟಿಸ್ತಿದ್ದೋನು ದಿವಾಳಿ ಎದ್ದಿದಾನೆ, ಕೋರ್ಟು ಒಬ್ಬ ವಕೀಲೇನ ನೇಮಿಸಿದೆ. ಮನೆ ಮಾರಿ ಎಲ್ಲರಿಗೂ ಹಂಚ್ತಾರೆ. ಯಾವಾಗ ಅನ್ನೋದು ಗೊತ್ತಿಲ್ಲ. ಲೈನೆ, ನನ್ನ ಹತ್ರ ಬ್ಯಾಂಕಲ್ಲಿ ಸ್ವಲ್ಪ ಇದೆ. ತಗೋ."

"ಅಯ್ಯೋ ಸುಮ್ನಿರೇ. ನಿನ್ನ ದುಡ್ಡು ತಗೊಂಡು ಕೆಳಗಿಳಿದ್ರೆ, ದಿನಾ ನಿನ್ನ ಮುಖ ನೋಡೋವಾಗ ಬಡ್ಡಿ ನೆನಪಾಗುತ್ತೆ. ನಂಗೆ ಗೆಳತಿ ಬೇಕು, ಸಾಲ ಕೊಟ್ಟೋಳು ಬೇಡ." ಅವಳು ಸೊಪ್ಪಿನ ಕಟ್ಟು ಎತ್ತಿಕೊಂಡಳು. "ಹಿಲ್ಯಾಗೆ ಹೆಂಗೆ ಹೇಳಲಿ ಅಂತ ಯೋಚನೆ. ಆಯಮ್ಮ ನನ್ನ ನಂಬ್ಕೊಂಡು ಕೂತಿದಾರೆ."

ಹೇಳಲೂ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ. ನಮ್ಮ ಜನರಷ್ಟು ಬಂಗಾರ ಕೂಡಿಟ್ಟವರು ಲೋಕದಲ್ಲಿ ಇರಲಾರರು. ಲೈನೆಯೂ ಹಿಲ್ಯಾಳೂ ಒಂದೇ ಕಟ್ಟಡದಲ್ಲಿ ವರ್ಷಾನುವರ್ಷ ಇದ್ದು ಆಡಿದ ಮಾತು 'ತೇರೆ' ಎಂಬ ನಮಸ್ಕಾರ, ಅದು ಬಿಟ್ಟರೆ ಈ ಮನೆಯ ಮಾತುಕತೆ. ಈಗ ಲೈನೆ ಮೆಟ್ಟಿಲಲ್ಲಿ ಹಿಲ್ಯಾಳ ಬಾಗಿಲ ಸದ್ದಾದರೆ ನಿಂತು, ಅವಳು ಹೋದ ಮೇಲೆ ಇಳಿಯುತ್ತಿದ್ದಳು. ವಿಚಿತ್ರವೆಂದರೆ ಹಿಲ್ಯಾಳೂ ಲೈನೆಯ ಊರುಗೋಲಿನ ಸದ್ದು ಕೇಳಿದರೆ ಬಾಗಿಲು ತೆರೆಯುತ್ತಿರಲಿಲ್ಲ.

ಆಗಸ್ಟಿನಲ್ಲಿ ಉರ್ವೆ ಆ ವಕೀಲೆಯ ಬಳಿ ಹೋದಳು. ಆಕೆ ಸುತ್ತಿ ಬಳಸಿ ಮಾತಾಡುವವಳಲ್ಲ. "ಚಳಿಗಾಲಕ್ಕೆ ಮುಂಚೆ ಸೂರು ಹೊದಿಸಿದ್ರೆ ಒಂದು ಬೆಲೆ. ಹಿಮ ಒಳಗೆ ಬಿದ್ದು ಗೋಡೆ ಉಬ್ಬಿದ್ರೆ ಬರೀ ಸೌದೆ ಬೆಲೆ. ಹೊದಿಸೋಕೆ ಬೇಕಾದ ಸಾಮಾನೆಲ್ಲ ಅಲ್ಲೇ ಬಿದ್ದಿದೆ, ಆಳಿಗೆ ಕೊಡೋಕೆ ದುಡ್ಡಿಲ್ಲ" ಎಂದಳು.

"ಆಳು ದುಡ್ಡು ಕೇಳದಿದ್ರೆ?"

ವಕೀಲೆ ಕನ್ನಡಕ ತೆಗೆದು ನೋಡಿದಳು. "ತಾಲ್ಗುದ್ ಮಾಡ್ತೀರಾ?"

ತಾಲ್ಗುದ್ ಎಂದರೆ ನಮ್ಮ ಕಡೆಯ ಮುಯ್ಯಾಳು. ಕೊಟ್ಟಿಗೆ ಕಟ್ಟುವುದಿರಲಿ, ಆಲೂಗಡ್ಡೆ ಅಗೆಯುವುದಿರಲಿ, ಕರೆದರೆ ಊರು ಬರುತ್ತದೆ, ಕೂಲಿ ಕೇಳುವುದಿಲ್ಲ. ಕರೆದವರು ಹೊಟ್ಟೆ ತುಂಬ ಉಣ್ಣಿಸಬೇಕು, ಅದೊಂದೇ ಕಟ್ಟಳೆ. ಸೂರಿನ ಮೇಲೆ ಹಗ್ಗ ಕಟ್ಟಿಕೊಂಡ ಕಸುಬಿನವರೇ ಹತ್ತಬೇಕು, ಮಿಕ್ಕವರು ನೆಲದಲ್ಲೇ ಇರಬೇಕು ಎಂಬ ಷರತ್ತಿನ ಮೇಲೆ ವಕೀಲೆ ಒಪ್ಪಿದಳು. ರೈವೊ ತನ್ನ ಹಳೇ ಜೊತೆಗಾರರನ್ನು ಕರೆತರುತ್ತೇನೆಂದ. ಹೇಗೂ ತನ್ನ ಬಾಕಿಯೂ ಆ ಮನೆಯಿಂದಲೇ ಬರಬೇಕಲ್ಲ ಎಂದ.

ಉರ್ವೆ ಹರಟೆಪುಟದಲ್ಲಿ ಬರೆದಳು. ಈ ಸಲ ಹೋಲಿಕೆ ಇರಲಿಲ್ಲ. "ನಾನು ಮೂರು ತಾಣ ಅಂತ ಹೇಳಿದ್ದು ಒಂದೇ ಮನೆ. ನಾನು ಹೋಗಿ ನೋಡಿರಲಿಲ್ಲ. ಈಗ ನೋಡಿದ್ದೇನೆ, ಸೂರಿಲ್ಲ. ಸೆಪ್ಟೆಂಬರಿನ ಕೊನೇ ಶನಿವಾರ ಹೊದಿಸೋಣ ಬನ್ನಿ. ಊಟ ನನ್ನದು." ಕೆಳಗೆ ಬೈಗುಳ ಬರುತ್ತದೆಂದು ಕಾದಳು. ಕೆಲವು ಬಂದವು, ಬರಬೇಕಾದವೇ. ಖಾರಮೂಲಂಗಿ ಮಾತ್ರ ಎಂದಿನ ಪ್ರಶ್ನೆ ಕೇಳದೆ, "ಸುತ್ತಿಗೆ ತರಲೋ, ಗರಗಸ ತರಲೋ?" ಎಂದು ಬರೆದಿದ್ದ.

ಆ ಶನಿವಾರ ಉರ್ವೆ ಇಪ್ಪತ್ತು ಜನಕ್ಕಾಗುವಷ್ಟು ಮುಲ್ಗಿ ಗಂಜಿ ಮಾಡಿದ್ದಳು. ಆಲೂಗಡ್ಡೆಯೂ ಬಾರ್ಲಿಯೂ ಕರಗುವಂತೆ ಬೇಯಿಸಿ, ಮೇಲೆ ಹುರಿದ ಹಂದಿಮಾಂಸ, ಈರುಳ್ಳಿ. ನೋಡನೋಡುತ್ತ ಎರಡೂ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದಾಯಿತು. ತಾರ್ತುವಿನಿಂದ, ನಾರ್ವಾದಿಂದ, ಗಡಿ ದಾಟಿ ರೀಗಾದಿಂದಲೂ ಜನ ಬಂದರು. ಹರಟೆಪುಟದಲ್ಲಿ ಹೆಸರಿಗೆ ಕರಡಿ, ತೋಳ ಎಂದಿದ್ದವರೆಲ್ಲ ಟೊಪ್ಪಿ ಹಾಕಿದ ಮಾಮೂಲು ಹೆಂಗಸರು, ಗಂಡಸರು. ರೈವೊ ಮೇಲಿನಿಂದ ಕೂಗುತ್ತಿದ್ದ, ಕೆಳಗಿನವರು ಹಲಗೆ ಸಾಗಿಸುತ್ತಿದ್ದರು, ಕಿಟಕಿಗಳಿಗೆ ಹಾಳೆ ಬಡಿಯುತ್ತಿದ್ದರು. ಲೈನೆ ಕುರ್ಚಿಯಲ್ಲಿ ಕೂತು, ಗಂಜಿ ತುಂಬಿದ ಬಟ್ಟಲಿಗೆಲ್ಲ ಒಂದೊಂದು ಮಾತು ಸೇರಿಸಿ ಕೊಡುತ್ತಿದ್ದಳು. "ತಗೊಳ್ಳಿ, ಇದೇ ನಿಮ್ಮ ಈ ವರ್ಷದ ಬಡ್ಡಿ. ಬಿಸಿ ಇದೆ, ಹುಷಾರು."

ಗಂಜಿ ಸಾಲಿನಲ್ಲಿ ಸುತ್ತಿಗೆ ಹಿಡಿದ ಒಬ್ಬಳು ಹೆಂಗಸು ಬಂದು ನಿಂತಳು. ಲೈನೆಯ ಕೈಯಲ್ಲಿ ಸೌಟು ಹಾಗೇ ನಿಂತಿತು.

"ಹಿಲ್ಯಾ ಅವ್ರೇ? ನೀವಿಲ್ಲಿ?"

ಹಿಲ್ಯಾಳ ಮುಖ ಬೀಟ್‌ರೂಟಾಯಿತು. ಅತ್ತಿತ್ತ ನೋಡಿ, ಉರ್ವೆಯ ಕಡೆ ತಿರುಗಿ, "ನೀನೇನಾ ಕೆನೆ?" ಎಂದಳು. "ನಾನು ಖಾರಮೂಲಂಗಿ."

ಉರ್ವೆ ಕೇಳಿದಳು, "ಅಷ್ಟೆಲ್ಲ ಕೆಣಕಿ, ಮತ್ತೆ ನಾನು ಹಾಕಿದ ಕಡೆಗೇ ಹಾಕಿದ್ರಾ?"

"ಮೂರಕ್ಕೂ ಹಾಕಿದೆ. ಹೋಗಿ ನೋಡಿದ್ದೀಯಾ ಅಂತ ನಿನ್ನ ಕೇಳಿದ್ದೇ ಬಂತು, ನಾನಾದ್ರೂ ಹೋದ್ನಾ? ಬೇರೆಯೋರಿಗೆ ಬುದ್ಧಿ ಹೇಳೋದು ಸುಲಭ ಕಣಮ್ಮ." ಹಿಲ್ಯಾ ಸುತ್ತಿಗೆ ಕೆಳಗಿಟ್ಟು ಲೈನೆಯ ಪಕ್ಕದ ಹಲಗೆಯ ಮೇಲೆ ಕೂತಳು. "ಫಿನ್ಲೆಂಡಿನ ಮನೆಗೆ ಅಂತ ಇಟ್ಟಿದ್ದೆ. ಅದು ಸಿಕ್ಕಿಹಾಕ್ಕೊಂಡಿದೆ. ನಾನೀಗ ಹೋಗೋ ಹಾಗಿಲ್ಲ. ಹೋಗದೆ ಮನೆ ಮಾರೋ ಹಾಗಿಲ್ಲ. ನಿಮಗೆ ಮಾತು ಕೊಟ್ಟು ತಪ್ಪಿದೆ ಅಂತ ಮೆಟ್ಟಿಲಲ್ಲಿ ಮುಖ ತೋರಿಸೋಕೇ ಆಗ್ತಿರಲಿಲ್ಲ."

"ನಿಮಗೂನಾ?" ಎಂದಳು ಲೈನೆ. "ದುಡ್ಡು ತರ್ತೀನಿ ಅಂತ ಹೇಳಿ ತರಲಿಲ್ಲ ಅಂತ ನಾನು ನಿಮ್ಮ ಬಾಗಿಲು ಸದ್ದಾದ್ರೆ ನಿಲ್ಲುತ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲೈನೆಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಏಪ್ರನ್ನಿನಲ್ಲಿ ಒರೆಸಿಕೊಂಡಳು. ಹಿಲ್ಯಾ ನಗುವವಳಲ್ಲ. ಬಟ್ಟಲಿನ ಗಂಜಿ ಪೂರ್ತಿ ತಿಂದಳು, ಚಮಚ ನೆಕ್ಕಿದಳು, ಆಮೇಲೆ ಮಾತಾಡಿದಳು.

"ನಿಮ್ಮ ಮನೆಗೆ ಎಷ್ಟು ರೂಮು?"

"ನಿಮ್ಮದಕ್ಕೆ ಎಷ್ಟೋ ಅಷ್ಟೇ. ಒಂದರ ಮೇಲೊಂದು ಇರೋದಲ್ವಾ?"

"ಹಂಗಾದ್ರೆ ನಾನು ಮೇಲೆ ಹೋಗ್ತೀನಿ, ನೀವು ಕೆಳಗೆ ಬನ್ನಿ. ಮಾರೋದು ಕೊಳ್ಳೋದು ದುಡ್ಡು ಬಂದಾಗ ನೋಡ್ಕೊಳ್ಳೋಣ. ನಾನು ಜನ್ಮವೆಲ್ಲ ಮೆಟ್ಟಿಲು ಹತ್ತಿದೋಳು, ಕೆಳಗೆ ಕೂತು ಕೂತು ಕಾಲು ಜಡ್ಡುಗಟ್ಟಿದೆ. ಮೇಲಿಂದ ಕೆರೆ ಕಾಣುತ್ತಂತಲ್ಲ?"

"ಅಡುಗೆಮನೆ ಕಿಟಕಿಯಿಂದ ಕಾಣುತ್ತೆ" ಎಂದಳು ಲೈನೆ, ಮೆಲ್ಲಗೆ, ಸಿಕ್ಕಿದ್ದು ಜಾರಿಹೋದೀತು ಎಂಬ ಹೆದರಿಕೆಯಿಂದ.

ಉರ್ವೆ ತಡೆಯಲಾರದೆ ಬಾಯಿ ಹಾಕಿದಳು. "ಒಂದು ಕರಾರು ಮಾಡ್ಕೊಳ್ಳಿ. ಇಲ್ಲೇ ಫೋನಲ್ಲಿ ಸಹಿ ಹಾಕಬಹುದು, ಕಾರ್ಡ್ ಇದ್ರೆ..."

"ಆ ಕಾರ್ಡ್ ಎತ್ತಿಡು" ಎಂದಳು ಹಿಲ್ಯಾ. "ಈ ಸಲ ಇಬ್ಬರೂ ಹೋಗಿ ನೋಡ್ತೀವಿ."

ಕತ್ತಲಾಗುವ ಹೊತ್ತಿಗೆ ಎರಡೂ ಸಾಲುಗಳ ಮೇಲೆ ಹೊದಿಕೆ ಕೂತಿತ್ತು. ಮಾರಾಟವಾದರೆ ಯಾರಿಗೆ ಎಷ್ಟು ಬಂದೀತು ಎಂದು ಯಾರೋ ಕೇಳಿದರು. ಉರ್ವೆ ಗೊತ್ತಿಲ್ಲ ಎಂದಳು. ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ಲೈನೆ ಮೊದಲ ಸಲ ಕೇಳಿದ್ದು.

ಅಕ್ಟೋಬರಿನಲ್ಲಿ ಸಾಮಾನು ಸಾಗಿಸಿದರು. ರೈವೊ ವ್ಯಾನ್ ತಂದ, ಅದರ ಅಗತ್ಯ ಬೀಳಲಿಲ್ಲ, ಎಲ್ಲ ಮೆಟ್ಟಿಲಲ್ಲೇ ಹತ್ತಿಳಿಯಿತು. ಹಿಲ್ಯಾಳ ಕಪಾಟು ಮೇಲೇರುವಾಗ ಲೈನೆಯ ಮಂಚ ಕೆಳಗಿಳಿಯುತ್ತಿತ್ತು, ಎರಡನೇ ಮಹಡಿಯ ತಿರುವಿನಲ್ಲಿ ಎರಡೂ ಸಿಕ್ಕಿಕೊಂಡವು. ಯಾರು ಮೊದಲು ದಾರಿ ಬಿಡಬೇಕೆಂದು ಸ್ವಲ್ಪ ಹೊತ್ತು ಗಲಾಟೆಯಾಯಿತು. ಅಷ್ಟು ಮಾತು ಆ ಮೆಟ್ಟಿಲು ಕಟ್ಟಿದಂದಿನಿಂದ ಕೇಳಿರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಉರ್ವೆ ಕೋಟು ಹಾಕಿಕೊಂಡಳು. ಲೈನೆಯ ಕೆಳಮನೆಯ ಬಾಗಿಲ ಬಳಿ ಕಸದ ಚೀಲವಿತ್ತು. ಮಾತಾಡುತ್ತಲೇ ಬಗ್ಗಿ ಎತ್ತಿಕೊಂಡಳು.

"ಇಡು ಕೆಳಗೆ" ಎಂದಳು ಲೈನೆ.

"ಹೋಗೋ ದಾರೀಲೇ ಇದೆಯಲ್ಲ."

"ನಂದೂ ಅದೇ ದಾರಿ."

ಲೈನೆ ಚೀಲ ಕಿತ್ತುಕೊಂಡು, ಇನ್ನೊಂದು ಕೈಯಲ್ಲಿ ಊರುಗೋಲು ಹಿಡಿದು ಹೊಸ್ತಿಲು ದಾಟಿದಳು. ಅಂಗಳದ ಕೊನೆಯ ಕಸದ ಡಬ್ಬಿಯವರೆಗೆ ನಿಧಾನವಾಗಿ ನಡೆದು ಹೋಗಿ ಮುಚ್ಚಳ ಎತ್ತಿ ಹಾಕಿದಳು. ಉರ್ವೆ ಬಾಗಿಲಲ್ಲೇ ನಿಂತು ನೋಡಿದಳು. ಅವಳ ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ, ಕೋಟಿನ ಜೇಬಿಗೆ ಹಾಕಿಕೊಂಡಳು. ಲೈನೆ ವಾಪಸು ಬಂದು, "ಇನ್ನೊಂದು ಸ್ವಲ್ಪ ಆಲೂಗಡ್ಡೆ ಸಿಪ್ಪೆ ಇದೆ, ಅದನ್ನೂ ಹಾಕಿ ಬರ್ತೀನಿ" ಎಂದು ಒಳಗೆ ಹೋದಳು.